ಕಡಿಮೆ ದುಡ್ಡಿನಲ್ಲಿ ಸೈ-ಫೈ ಕವಚ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕಾಲೇಜು ಫೆಸ್ಟ್ ಹತ್ತಿರ ಬಂದಾಗ, ಚಿಕ್ಕಮಗಳೂರಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ವೇಷ ಕಟ್ಟುವಾಗ, ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕಿ ಜನ ಸೇರುವ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಹೋಗಬೇಕು ಅಂತ ಆಸೆಯಾದಾಗ ಸೈ-ಫೈ, ಅಂದರೆ ವೈಜ್ಞಾನಿಕ ಕಲ್ಪನೆಯ ಕಥೆಗಳಲ್ಲಿ ಕಾಣುವಂಥ ಕವಚದ ಬಗ್ಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕವಚ ಅಗ್ಗವಾಗಿ ಕಾಣೋದು ಮೂರು ಕಡೆ: ಅಂಚಿನಲ್ಲಿ, ಜೋಡಣೆಯಲ್ಲಿ, ಬಣ್ಣದಲ್ಲಿ. ಮೂರಕ್ಕೂ ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಸಮಯ.

ಒಟ್ಟು ಎಷ್ಟು ಖರ್ಚಾಗುತ್ತೆ?

ಎರಡು ಸಾವಿರ ರೂಪಾಯಿ ಇಟ್ಟುಕೊಂಡು ಹೊರಡಿ. ಎದೆ, ಬೆನ್ನು, ಎರಡು ಭುಜ, ಎರಡು ಮುಂಗೈ, ಎರಡು ಕಣಕಾಲು ಇಷ್ಟಕ್ಕೆ ಅದನ್ನು ಹೊಂದಿಸಬಹುದು. ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆ ಇರುತ್ತದೆ, ಹಾಗಾಗಿ ಪಾಲು ಹೇಳುತ್ತೇನೆ. ಅರ್ಧ ದುಡ್ಡು ಫೋಮ್‌ಗೆ, ಕಾಲು ಭಾಗ ಅಂಟಿಗೆ, ಉಳಿದದ್ದು ಬಣ್ಣ, ಪಟ್ಟಿ, ಬಕಲ್‌ಗೆ. ಫೋಮ್ ಬಾಗಿಸಲು ಬಿಸಿ ಗಾಳಿ ಊದುವ ಹೀಟ್ ಗನ್ ಕೊಳ್ಳಬೇಡಿ, ಯಾರ ಹತ್ತಿರವಾದರೂ ಕೇಳಿ ತನ್ನಿ. ಮೊಬೈಲ್ ರಿಪೇರಿ ಮಾಡುವವರು, ಕಾರಿಗೆ ಸ್ಟಿಕ್ಕರ್ ಅಂಟಿಸುವವರು, ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಂಡಿರುತ್ತಾರೆ.

ನೆಲಕ್ಕೆ ಹಾಸುವ, ಹಲ್ಲು ಹಲ್ಲಾಗಿ ಒಂದಕ್ಕೊಂದು ಸೇರುವ ಫೋಮ್ ಮ್ಯಾಟ್‌ಗಳೇ ನಮ್ಮ ಕವಚದ ಸಾಮಾನು. ಅವು ಸಾಮಾನ್ಯವಾಗಿ ಎರಡಡಿಗೆ ಎರಡಡಿ ಇರುತ್ತವೆ. ನಾಲ್ಕು ತುಂಡಿನ ಒಂದು ಸೆಟ್ ಅಂದರೆ 16 ಚದರ ಅಡಿ. ಮಧ್ಯಮ ಮೈಕಟ್ಟಿನವರಿಗೆ ಅಷ್ಟು ಸಾಕು. ಆದರೆ ಮೊದಲು ಎಲ್ಲಾ ಪ್ಯಾಟರ್ನ್‌ಗಳನ್ನೂ, ಅಂದರೆ ಕತ್ತರಿಸಬೇಕಾದ ತುಂಡುಗಳ ಅಳತೆಯ ಕಾಗದಗಳನ್ನು, ಮ್ಯಾಟಿನ ಮೇಲೆ ಜೋಡಿಸಿ ನೋಡಿ, ಆಮೇಲೆ ಬ್ಲೇಡ್ ಎತ್ತಿಕೊಳ್ಳಿ.

ಎರಡು ಕಡೆ ಮಾತ್ರ ಉಳಿಸಲು ಹೋಗಬೇಡಿ: ಬ್ಲೇಡು ಮತ್ತು ಅಂಟು.

ನನ್ನ ಹತ್ತಿರ ಐನೂರೇ ಇರೋದು. ಆಗಲ್ವಾ?

ಆಗುತ್ತೆ. ಆದರೆ ಇಡೀ ಕವಚ ಮಾಡಬೇಡಿ. ಒಂದು ಭುಜ, ಒಂದು ಮುಂಗೈ, ಒಂದು ಎದೆಪಟ್ಟಿ ಮಾಡಿ. ಅದರ ಕೆಳಗೆ ಕಪ್ಪು ಪೂರ್ಣ ತೋಳಿನ ಟೀ ಶರ್ಟ್, ಕಪ್ಪು ಪ್ಯಾಂಟ್ ಹಾಕಿ. ಚೆನ್ನಾಗಿ ಮುಗಿಸಿದ ಮೂರು ತುಂಡು ಅವಸರದಲ್ಲಿ ಮಾಡಿದ ಹನ್ನೆರಡು ತುಂಡಿಗಿಂತ ಎಷ್ಟೋ ಮೇಲು. ನೋಡುವವರ ಕಣ್ಣು ಒಂದು ಒಳ್ಳೆಯ ಭುಜದ ಮೇಲೆ ನಿಂತುಬಿಡುತ್ತದೆ.

ಫೋಮ್ ಬದಲು ರಟ್ಟನ್ನೂ ಬಳಸಬಹುದು. ಫ್ರಿಜ್, ಟಿವಿ, ವಾಷಿಂಗ್ ಮೆಷಿನ್ ಮಾರುವ ಅಂಗಡಿಗಳಲ್ಲಿ ದೊಡ್ಡ ಡಬ್ಬಗಳು ಸಿಗುತ್ತವೆ, ಕೇಳಿದರೆ ಸುಮ್ನೆ ಕೊಡುವವರೂ ಇದ್ದಾರೆ. ರಟ್ಟಿನ ಒಳಗೆ ಕೊಳವೆಯಂಥ ಸಾಲುಗಳಿರುತ್ತವೆ. ರಟ್ಟು ಆ ಸಾಲುಗಳ ಉದ್ದಕ್ಕೆ ನೀಟಾಗಿ ಬಾಗುತ್ತದೆ, ಅಡ್ಡಕ್ಕೆ ಬಗ್ಗಿಸಿದರೆ ಮುರಿಯುತ್ತದೆ. ಹಾಗಾಗಿ ಮುಂಗೈ ಕವಚದಲ್ಲಿ ಸಾಲುಗಳು ಮೊಣಕೈಯಿಂದ ಮಣಿಕಟ್ಟಿನ ಕಡೆಗೆ ಓಡಬೇಕು. ಮೇಜಿನ ಅಂಚಿಗೆ ಎಳೆದು ಎಳೆದು ಬಾಗಿಸಿ. ಮೇಲೆ ಹಳೇ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಎರಡು ಮೂರು ಪದರ ಹಚ್ಚಿ. ಒಣಗಿದ ಮೇಲೆ ಉಜ್ಜಿದರೆ ರಟ್ಟಿನ ಗುರುತೇ ಸಿಗುವುದಿಲ್ಲ.

ಯಾವ ಫೋಮ್ ತಗೋಬೇಕು? ಹಾಸನದಲ್ಲಿ ಎಲ್ಲಿ ಸಿಗುತ್ತೆ?

ಇವಿಎ ಫೋಮ್ ಕೇಳಿ. ಬಿಸಿ ಮಾಡಿದರೆ ಬಾಗುತ್ತದೆ, ತಣ್ಣಗಾದರೆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ಅದೇ ಅದರ ದೊಡ್ಡ ಗುಣ. ಹವಾಯಿ ಚಪ್ಪಲಿಗೆ, ಶೂ ಅಟ್ಟೆಗೆ, ಮಕ್ಕಳ ಆಟದ ಮ್ಯಾಟ್‌ಗೆ ಇದನ್ನೇ ಬಳಸುತ್ತಾರೆ.

10 ಮಿಲಿಮೀಟರ್ ದಪ್ಪದ್ದು ಎದೆಗೆ, ಬೆನ್ನಿಗೆ, ಭುಜಕ್ಕೆ. 5 ಅಥವಾ 6 ಮಿಲಿಮೀಟರ್‌ದು ಮುಂಗೈಗೆ, ಹೆಲ್ಮೆಟ್‌ಗೆ. 2 ಮಿಲಿಮೀಟರ್‌ದು ಮೇಲಿನ ಅಲಂಕಾರಕ್ಕೆ. ಕೊನೆಯದು ಸ್ಟೇಷನರಿ ಅಂಗಡಿಯಲ್ಲಿ ಎ4 ಅಳತೆಯ ಬಣ್ಣದ ಹಾಳೆಯಾಗಿ ಸಿಗುತ್ತದೆ, ಶಾಲೆಯ ಪ್ರಾಜೆಕ್ಟ್‌ಗೆ ಮಕ್ಕಳು ಒಯ್ಯುತ್ತಾರಲ್ಲ, ಅದೇ.

ಹಾಸನದವರು ಬಿ.ಎಂ. ರಸ್ತೆಯ ಕ್ರೀಡಾ ಸಾಮಾನು ಮತ್ತು ಮನೆಗೆ ಮ್ಯಾಟ್ ಮಾರುವ ಅಂಗಡಿಗಳಿಂದ ಶುರು ಮಾಡಲಿ. ಬಕಲ್, ಪಟ್ಟಿ, ವೆಲ್ಕ್ರೋಗೆ ಕಟ್ಟಿನಕೆರೆ ಮಾರ್ಕೆಟ್ ಸುತ್ತಮುತ್ತಲ ಬೀದಿಗಳನ್ನು ನೋಡಿ. ಚಿಕ್ಕಮಗಳೂರಿನವರಿಗೆ ಎಂ.ಜಿ. ರಸ್ತೆ, ಐ.ಜಿ. ರಸ್ತೆ. ಚಪ್ಪಲಿ ತಯಾರಿಕೆಯ ಸಾಮಾನು ಮಾರುವವರು ಸಿಕ್ಕಿದರೆ ಬಿಡಬೇಡಿ. ಅವರ ಹತ್ತಿರ ಶೀಟ್ ದೊಡ್ಡದಿರುತ್ತದೆ, ಎರಡೂ ಮುಖ ನುಣ್ಣಗಿರುತ್ತದೆ, ಅಂಟೂ ಅಲ್ಲೇ ಸಿಗುತ್ತದೆ.

ಯೋಗ ಮ್ಯಾಟ್ ಅಗ್ಗ ಅಂತ ತರುತ್ತಾರೆ. ಅವುಗಳಲ್ಲಿ ಎಲ್ಲವೂ ಇವಿಎ ಅಲ್ಲ. ಬೆರಳಲ್ಲಿ ಒತ್ತಿದಾಗ ಸ್ಪಂಜಿನ ಹಾಗೆ ಕುಸಿದರೆ ಬಿಟ್ಟುಬಿಡಿ, ಆಕಾರ ಹಿಡಿಯುವುದಿಲ್ಲ.

ಥರ್ಮಾಕೋಲ್, ಸನ್‌ಬೋರ್ಡ್, ತ್ರೀಡಿ ಪ್ರಿಂಟ್?

ಥರ್ಮಾಕೋಲ್ ಹಗುರ, ಆದರೆ ಒಂದು ಸಲ ಯಾರಾದರೂ ತಾಗಿದರೆ ಮುರಿಯುತ್ತದೆ. ಸ್ಪ್ರೇ ಪೇಂಟ್ ನೇರವಾಗಿ ಹೊಡೆದರೆ ಅದರಲ್ಲಿರುವ ದ್ರಾವಕಕ್ಕೆ ಕರಗಿ ಗುಳಿ ಬೀಳುತ್ತದೆ. ಅದನ್ನೇ ಬಳಸಬೇಕಾದರೆ ಮೊದಲು ಪೇಪರ್ ಮತ್ತು ಬಿಳಿ ಫೆವಿಕಾಲ್ ಪದರ ಹಾಕಿ ಪೂರ್ತಿ ಮುಚ್ಚಿ. ಸನ್‌ಬೋರ್ಡ್ ಅನ್ನುವ ಗಟ್ಟಿಯಾದ ಹಗುರ ಹಲಗೆ ಚಪ್ಪಟೆ ಭಾಗಗಳಿಗೆ ಒಳ್ಳೆಯದು, ಅಂದರೆ ಬೆನ್ನ ಮೇಲಿನ ಜೆಟ್ ಪ್ಯಾಕ್, ಗುರಾಣಿ ಇಂಥವಕ್ಕೆ. ತ್ರೀಡಿ ಪ್ರಿಂಟ್ ಚೆಂದ, ಆದರೆ ಈ ಬಜೆಟ್‌ಗೆ ಅದನ್ನು ಒಂದು ಲಾಂಛನಕ್ಕೋ ಕಿವಿಯ ಹತ್ತಿರದ ಸಣ್ಣ ಭಾಗಕ್ಕೋ ಮಾತ್ರ ಇಟ್ಟುಕೊಳ್ಳಿ. ವಿಡಿಯೋಗಳಲ್ಲಿ ಹೊರದೇಶದವರು ವರ್ಬ್ಲಾ ಅನ್ನುವ ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಬಳಸುವುದು ಕಾಣುತ್ತದೆ. ಅದಿಲ್ಲದೆ ಎಲ್ಲವನ್ನೂ ಮಾಡಬಹುದು.

ಅಡಿಕೆ ಹಾಳೆ ಬಳಸಬಹುದಾ? ನಮ್ಮ ತೋಟದಲ್ಲಿ ಬೇಕಾದಷ್ಟಿದೆ.

ಖಂಡಿತ ಬಳಸಬಹುದು. ಈ ಪ್ರಶ್ನೆ ಕೊಪ್ಪ, ಶೃಂಗೇರಿ, ತರೀಕೆರೆ ಕಡೆಯವರಿಂದ ಬಂದಾಗಲೆಲ್ಲ ನನಗೆ ಬಹಳ ಖುಷಿಯಾಗುತ್ತದೆ. ಮಲೆನಾಡಿನವರು ಹಾಳೆಯಿಂದ ಟೋಪಿ ಮಾಡಿಕೊಂಡು ತೋಟಕ್ಕೆ ಹೋಗುತ್ತಿದ್ದವರು. ಊಟದ ತಟ್ಟೆ ಆಗುವುದೂ ಇದರಿಂದಲೇ. ನೆನೆಸಿದರೆ ಮೆತ್ತಗಾಗುತ್ತದೆ, ಆಕಾರ ಕೊಟ್ಟು ಒಣಗಿಸಿದರೆ ಗಟ್ಟಿಯಾಗುತ್ತದೆ. ಕವಚಕ್ಕೆ ಇನ್ನೇನು ಬೇಕು?

ಬಿದ್ದು ಹೆಚ್ಚು ದಿನ ಆಗದ, ಕಪ್ಪು ಚುಕ್ಕೆ ಇಲ್ಲದ ಹಾಳೆ ಆರಿಸಿ. ತೊಳೆದು, ಬಾಗಿಸಿದಾಗ ಚಟ್ ಅನ್ನದಷ್ಟು ಮೆತ್ತಗಾಗುವವರೆಗೆ ನೀರಲ್ಲಿ ಬಿಡಿ. ಭುಜಕ್ಕಾದರೆ ಅದೇ ಗಾತ್ರದ ಬೋಗುಣಿಯ ಮೇಲೆ, ಕಣಕಾಲಿಗಾದರೆ ದಪ್ಪ ಪಿವಿಸಿ ಪೈಪಿನ ಮೇಲೆ ಹೊದಿಸಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಪೂರ್ತಿ ಒಣಗುವವರೆಗೆ ಬಿಚ್ಚಬೇಡಿ.

ಎರಡು ಎಚ್ಚರಿಕೆ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ, ಆ ಗೆರೆಯಲ್ಲೇ ಸೀಳುತ್ತದೆ. ಹಾಗಾಗಿ ಒಳಗಡೆ ಹಳೇ ಹತ್ತಿ ಬಟ್ಟೆಯನ್ನು ನಾರಿಗೆ ಅಡ್ಡಲಾಗಿ ಫೆವಿಕಾಲ್ ಹಾಕಿ ಅಂಟಿಸಿ. ಇನ್ನೊಂದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಎರಡೂ ಬದಿಗೆ ವಾರ್ನಿಷ್ ಬೇಕೇ ಬೇಕು.

ಹಾಳೆಯ ಮೇಲಿನ ಗೆರೆಗಳನ್ನು ಮುಚ್ಚಬೇಡಿ. ಬೇರೆ ಗ್ರಹದ ಯಾವುದೋ ಪ್ರಾಣಿಯ ಚಿಪ್ಪಿನಿಂದ ಮಾಡಿದ ಕವಚ ಅನ್ನಿಸುತ್ತದೆ. ಕಡುಕಂದು ಬಣ್ಣ ತೆಳ್ಳಗೆ ಹಚ್ಚಿ ಒರೆಸಿದರೆ ಗೆರೆಯೊಳಗೆ ಬಣ್ಣ ನಿಂತು ಇನ್ನೂ ಎದ್ದು ಕಾಣುತ್ತದೆ.

ಅಳತೆ ಹೇಗೆ ತೆಗೆಯೋದು? ಕತ್ತರಿಸಿದ್ದು ಯಾವಾಗಲೂ ಚಿಕ್ಕದಾಗುತ್ತೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅರ್ಧ ಕೆಲಸ ಇರೋದೇ ಇಲ್ಲಿ.

ಮೊದಲು ಹಳೇ ಟೀ ಶರ್ಟ್ ಹಾಕಿಕೊಳ್ಳಿ. ಅದರ ಮೇಲೆ ಅಡುಗೆಮನೆಯಲ್ಲಿ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್, ಅಂದರೆ ಕ್ಲಿಂಗ್ ಫಿಲ್ಮ್, ಸುತ್ತಿಸಿಕೊಳ್ಳಿ. ಅದರ ಮೇಲೆ ಪೇಪರ್ ಟೇಪ್ ಅಂಟಿಸಲು ಸ್ನೇಹಿತರಿಗೆ ಹೇಳಿ. ತುಂಬಾ ಬಿಗಿ ಬೇಡ, ಉಸಿರು ಎಳೆದು ನೋಡಿ. ಮುಖ, ಕುತ್ತಿಗೆಗೆ ಯಾವತ್ತೂ ಸುತ್ತಬಾರದು. ಈಗ ಟೇಪಿನ ಮೇಲೆ ಸ್ಕೆಚ್ ಪೆನ್ನಲ್ಲಿ ಎದೆಕವಚದ ಗೆರೆಗಳನ್ನು ಬರೆಯಿರಿ. ಮಧ್ಯದ ಗೆರೆ, ತೋಳಿನ ಸುತ್ತ, ಸೊಂಟದ ಅಂಚು. ಜೋಡಣೆ ಬರುವ ಕಡೆಯಲ್ಲೆಲ್ಲ ಅಡ್ಡ ಗುರುತು ಹಾಕಿ. ಬೆನ್ನ ಕಡೆಯಿಂದ ಕತ್ತರಿಸಿ ಬಿಚ್ಚಿ. ಕತ್ತರಿಯ ತುದಿ ಮೊಂಡಾಗಿರಲಿ.

ಬಿಚ್ಚಿದ ಚಿಪ್ಪು ಚಪ್ಪಟೆಯಾಗಿ ಕೂರುವುದಿಲ್ಲ. ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಕತ್ತರಿಯಿಂದ ಒಂದು ಸೀಳು ಕೊಡಿ. ಅದು ಬಾಯಿ ಬಿಟ್ಟು ಚಪ್ಪಟೆಯಾಗುತ್ತದೆ. ಆ ಬಾಯಿಯೇ ನಿಮ್ಮ ಡಾರ್ಟ್. ಟೈಲರ್‌ಗಳು ರವಿಕೆಗೆ ಹಾಕುತ್ತಾರಲ್ಲ, ಅದೇ ಲೆಕ್ಕ. ಮನೆಯಲ್ಲಿ ಹೊಲಿಗೆ ಗೊತ್ತಿರುವ ಅಮ್ಮನೋ ಅಜ್ಜಿಯೋ ಇದ್ದರೆ ಅವರನ್ನು ಈ ಹಂತದಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳಿ. ಎಷ್ಟೋ ವಿಡಿಯೋಗಳಿಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ಇನ್ನು ಚಿಕ್ಕದಾಗುವ ವಿಷಯ. ಫೋಮ್‌ಗೆ ದಪ್ಪ ಇದೆ. ಸುತ್ತಿದಾಗ ಒಳಮುಖ ಕುಗ್ಗುತ್ತದೆ, ಹೊರಮುಖ ಹಿಗ್ಗುತ್ತದೆ, ನಡುವಿನ ಪದರ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಸುತ್ತಳತೆಗೆ ಫೋಮ್ ದಪ್ಪದ 3.14 ಪಟ್ಟು ಸೇರಿಸಬೇಕು. 10 ಮಿಲಿಮೀಟರ್ ಫೋಮ್‌ಗೆ ಸುಮಾರು 3 ಸೆಂಟಿಮೀಟರ್, 6 ಮಿಲಿಮೀಟರ್‌ಗೆ ಸುಮಾರು 2 ಸೆಂಟಿಮೀಟರ್. ಇದರ ಮೇಲೆ ಬಟ್ಟೆ, ಗಾಳಿ, ಅಲುಗಾಟಕ್ಕೆ ಇನ್ನೆರಡು ಸೆಂಟಿಮೀಟರ್. ಉದಾಹರಣೆಗೆ ಮುಂಗೈ ದಪ್ಪ ಇರುವ ಕಡೆ 27 ಸೆಂಟಿಮೀಟರ್ ಇದ್ದರೆ 6 ಮಿಲಿಮೀಟರ್ ಫೋಮನ್ನು 31 ಸೆಂಟಿಮೀಟರ್‌ಗೆ ಕತ್ತರಿಸಿ.

ಫೋಮ್ ಮುಟ್ಟುವ ಮೊದಲು ಒಂದು ಸಲ ರಟ್ಟಿನಲ್ಲೋ ಹಳೇ ಕ್ಯಾಲೆಂಡರ್ ಹಾಳೆಯಲ್ಲೋ ಪೂರ್ತಿ ಕಟ್ಟಿ, ಹಾಕಿಕೊಂಡು ಕೂತು, ಕೈ ಎತ್ತಿ, ಬಗ್ಗಿ ನೋಡಿ. ಕೂರಲು ಆಗದ ಕವಚ ಹಾಕಿಕೊಂಡು ಇಡೀ ದಿನ ನಿಲ್ಲಬೇಕಾಗುತ್ತದೆ.

ಕತ್ತರಿಸಿದ ಅಂಚು ಹರಿದಂತೆ ಕಾಣುತ್ತೆ. ಯಾಕೆ?

ಬ್ಲೇಡ್ ಮೊಂಡಾಗಿದೆ. ಅಷ್ಟೇ. ಫೋಮ್ ಬ್ಲೇಡನ್ನು ಬಹಳ ಬೇಗ ಸವೆಸುತ್ತದೆ. 18 ಮಿಲಿಮೀಟರ್ ಅಗಲದ, ತುದಿ ಮುರಿಯುವ ಕಟರ್ ತಗೊಳ್ಳಿ, ಎಳೆದಾಗ ತಡೆಯುತ್ತಿದೆ ಅನ್ನಿಸಿದ ಕೂಡಲೇ ತುದಿ ಮುರಿದು ಹೊಸದು ಮಾಡಿ. ಒಂದೇ ಏಟಿಗೆ ಕತ್ತರಿಸಬೇಡಿ. ಮೊದಲ ಎಳೆತ ದಾರಿ ಮಾಡಲಿ, ಎರಡನೆಯದು ಕತ್ತರಿಸಲಿ. ಬ್ಲೇಡ್ ನೆಟ್ಟಗೆ ನಿಂತಿರಬೇಕು, ಓರೆಯಾದರೆ ಜೋಡಣೆಯಲ್ಲಿ ಸಂದು ಬೀಳುತ್ತದೆ. ಎರಡು ತುಂಡು ಮೂಲೆಯಾಗಿ ಸೇರುವ ಕಡೆ ಮಾತ್ರ ಎರಡನ್ನೂ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ. ಕೆಳಗೆ ಕಡಪ ಕಲ್ಲು ಬೇಡ, ಹಳೇ ಪ್ಲೈವುಡ್ ಇರಲಿ.

ಹೀಟ್ ಗನ್ ಸಿಗಲಿಲ್ಲ. ಗ್ಯಾಸ್ ಸ್ಟೌ ಮೇಲೆ ಹಿಡಿಯಬಹುದಾ?

ಬೇಡ. ಇವಿಎ ಬೆಂಕಿ ಹಿಡಿಯುತ್ತದೆ, ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಇಸ್ತ್ರಿ ಪೆಟ್ಟಿಗೆ ಬಳಸಿ. ಫೋಮ್ ಮೇಲೆ ಬೇಕಿಂಗ್ ಪೇಪರ್ ಹಾಕಿ, ಮಧ್ಯಮ ಶಾಖದಲ್ಲಿ ನಿಲ್ಲಿಸದೆ ಓಡಿಸಿ. ಬಿಸಿಯಾದ ತಕ್ಷಣ ತೊಡೆಯ ಮೇಲೋ ಪಾತ್ರೆಯ ಮೇಲೋ ಬಾಗಿಸಿ, ತಣ್ಣಗಾಗುವವರೆಗೆ ಹಿಡಿದುಕೊಳ್ಳಿ. ಕೈಗೆ ಬಟ್ಟೆಯ ಗ್ಲೌಸ್ ಇರಲಿ. ಕೂದಲು ಒಣಗಿಸುವ ಡ್ರೈಯರ್ 2 ಮಿಲಿಮೀಟರ್ ಹಾಳೆಗೆ ಸಾಕಾಗಬಹುದು, ದಪ್ಪದ್ದಕ್ಕೆ ಸಾಲದು.

ಹೀಟ್ ಗನ್ ಸಿಕ್ಕಿದರೆ ಇನ್ನೊಂದು ಲಾಭ ಇದೆ. ಬಿಸಿ ಗಾಳಿ ಮೇಲೆ ಹಾಯಿಸಿದಾಗ ಫೋಮಿನ ಸಣ್ಣ ರಂಧ್ರಗಳು ಮುಚ್ಚಿ ಮೈ ಹೊಳೆಯುತ್ತದೆ. ಆಗ ಬಣ್ಣ ಕಡಿಮೆ ಕುಡಿಯುತ್ತದೆ. ಬ್ಲೇಡಿನಿಂದ ಅರ್ಧ ಆಳಕ್ಕೆ ಗೆರೆ ಎಳೆದು ಬಿಸಿ ಕೊಟ್ಟರೆ ಗೆರೆ ತಾನಾಗಿ ಬಾಯಿ ಬಿಡುತ್ತದೆ, ಎರಡು ಲೋಹದ ತಗಡು ಸೇರಿದ ಸಂದಿನ ಹಾಗೆ ಕಾಣುತ್ತದೆ. ಖರ್ಚಿಲ್ಲದೆ ಸಿಗುವ ಅತ್ಯಂತ ಒಳ್ಳೆಯ ಅಲಂಕಾರ ಇದು. ಹೊಗೆ ಬಂತು ಅಂದರೆ ಬಿಸಿ ಜಾಸ್ತಿಯಾಯಿತು ಅಂತ ಅರ್ಥ, ಗನ್ ದೂರ ಸರಿಸಿ.

ಅಂಟು ಬಿಟ್ಟುಕೊಳ್ಳುತ್ತೆ. ಫೆವಿಕ್ವಿಕ್ ಹಾಕಿದರೂ ನಿಲ್ಲಲ್ಲ.

ಫೆವಿಕ್ವಿಕ್ ಒಣಗಿದರೆ ಗಾಜಿನಂತೆ ಗಡುಸು. ಫೋಮ್ ಬಾಗುತ್ತದೆ, ಅಂಟು ಬಾಗುವುದಿಲ್ಲ, ಹಾಗಾಗಿ ಬಿರುಕು ಬಿಡುತ್ತದೆ. ಗ್ಲೂ ಗನ್ನಿನ ಅಂಟು ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿಬಿಡಬಹುದು. ಬೇಕಾಗಿರುವುದು ರಬ್ಬರ್ ಅಂಟು. ಬಡಗಿಗಳು ಸನ್‌ಮೈಕಾ ಅಂಟಿಸಲು ಬಳಸುವ ಫೆವಿಕಾಲ್ ಎಸ್‌ಆರ್ 998 ಕೇಳಿ. ಸ್ವಲ್ಪವೇ ಸಾಕು ಅಂದರೆ ಫೆವಿಬಾಂಡ್ ಟ್ಯೂಬ್.

ಈ ಅಂಟಿನ ಗುಟ್ಟು ಕಾಯುವುದು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ. ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಬೆರಳ ಹಿಂಭಾಗ ತಾಗಿಸಿದಾಗ ಅಂಟು ಬೆರಳಿಗೆ ಬರಬಾರದು. ಆಗ ಜೋಡಿಸಿ, ಗಟ್ಟಿಯಾಗಿ ಒತ್ತಿ. ಹಸಿ ಇರುವಾಗಲೇ ಜೋಡಿಸಿದರೆ ಅದು ಹಿಡಿಯುವುದೇ ಇಲ್ಲ, ಬಹಳ ಜನ ಎಡವುವುದು ಇಲ್ಲೇ. ಕತ್ತರಿಸಿದ ಅಂಚು ಮೊದಲ ಪದರವನ್ನು ಕುಡಿದುಬಿಟ್ಟರೆ ಎರಡನೇ ಪದರ ಹಚ್ಚಿ. ಜೋಡಿಸಿದ ಮೇಲೆ ಸರಿಸಲು ಆಗುವುದಿಲ್ಲ. ಅದಕ್ಕೇ ಒಂದು ತುದಿಯಿಂದ ಶುರು ಮಾಡಿ, ಅಡ್ಡ ಗುರುತುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ.

ಇದರ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ಬಾಗಿಲು ತೆಗೆದಿರಲಿ. ಪಕ್ಕದಲ್ಲಿ ದೀಪ, ಊದುಬತ್ತಿ, ಸ್ಟೌ, ಚಾಲೂ ಇರುವ ಹೀಟ್ ಗನ್ ಯಾವುದೂ ಇರಬಾರದು. ಫೋಮ್ ಉಜ್ಜುವಾಗ ಏಳುವ ಧೂಳಿಗೆ ಎನ್95 ಮಾಸ್ಕ್ ಹಾಕಿ.

ಮಳೆಗಾಲದಲ್ಲಿ ಮಾಡಬಹುದಾ?

ಮಾಡಬಹುದು, ಅವಸರ ಬೇಡ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಜುಲೈ ತಿಂಗಳಲ್ಲಿ ಗಾಳಿಯೇ ಒದ್ದೆ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಂಪಾಗುತ್ತದೆ, ಆ ತಂಪಿಗೆ ಗಾಳಿಯ ತೇವ ಬಂದು ಕೂರುತ್ತದೆ. ಅಂಟು ಬೆಳ್ಳಗೆ ಮಂಜಾದಂತೆ ಕಂಡರೆ ಅದೇ ಕಾರಣ. ಅಂಥ ಜೋಡಣೆ ನಿಲ್ಲುವುದಿಲ್ಲ. ಮಧ್ಯಾಹ್ನದ ಹೊತ್ತು, ಫ್ಯಾನ್ ಹಾಕಿ, ಮಂಜು ಹೋಗುವವರೆಗೆ ಕಾದು ಜೋಡಿಸಿ. ಸ್ಪ್ರೇ ಪೇಂಟ್ ಕೂಡ ಮಳೆ ಹೊಳವಾದ ದಿನಕ್ಕೆ ಇಟ್ಟುಕೊಳ್ಳಿ. ಪ್ಯಾಟರ್ನ್ ಬರೆಯುವುದು, ಕತ್ತರಿಸುವುದು ಜಡಿಮಳೆಯಲ್ಲೂ ಮಾಡಬಹುದಾದ ಕೆಲಸ.

ಲೋಹದ ಹಾಗೆ ಕಾಣಬೇಕು. ಬೆಳ್ಳಿ ಬಣ್ಣ ಹೊಡೆದರೆ ಪ್ಲಾಸ್ಟಿಕ್ ಹಾಗೆ ಕಾಣುತ್ತೆ.

ನಿಜವಾದ ಲೋಹ ಎಲ್ಲ ಕಡೆ ಒಂದೇ ಬಣ್ಣ ಇರುವುದಿಲ್ಲ. ನಿಮ್ಮ ಮನೆಯ ಹಳೇ ಗುದ್ದಲಿಯನ್ನೋ ಟ್ರ್ಯಾಕ್ಟರ್ ನೇಗಿಲನ್ನೋ ಹತ್ತಿರದಿಂದ ನೋಡಿ. ಅಂಚು ಉಜ್ಜಿ ಹೊಳೆಯುತ್ತದೆ, ಸಂದು ಕಪ್ಪಾಗಿದೆ, ಬೋಲ್ಟಿನ ಕೆಳಗೆ ತುಕ್ಕು ಇಳಿದಿದೆ. ನಾವು ಅದನ್ನೇ ಬರೆಯಬೇಕು.

ಮೊದಲು ಫೋಮಿನ ರಂಧ್ರ ಮುಚ್ಚಿ. ಬಿಳಿ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ, ತೆಳ್ಳಗೆ ನಾಲ್ಕೈದು ಪದರ ಹಚ್ಚಿ, ಪ್ರತಿ ಪದರವೂ ಒಣಗಲಿ. ಇದು ನೀರು ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಹೊರಾಂಗಣದಲ್ಲಿ ಹಾಕುವ ಕವಚವಾದರೆ ತಾರಸಿಗೆ ಹೊಡೆಯುವ, ರಬ್ಬರಿನಂತೆ ಹಿಗ್ಗುವ ವಾಟರ್‌ಪ್ರೂಫ್ ಪೇಂಟ್ ಉತ್ತಮ. ಮನೆ ಕಟ್ಟುವವರ ಹತ್ತಿರ ಡಬ್ಬದ ತಳದಲ್ಲಿ ಉಳಿದದ್ದು ಸಿಕ್ಕಿದರೂ ಸಾಕು.

ಆಮೇಲೆ ಇಡೀ ಕವಚಕ್ಕೆ ಕಪ್ಪು ಬಣ್ಣ. ಅದರ ಮೇಲೆ ಬೆಳ್ಳಿ ಬಣ್ಣವನ್ನು ಒಣ ಬ್ರಷ್‌ನಲ್ಲಿ ಹಚ್ಚಿ. ಅಂದರೆ ಬ್ರಷ್ ಅದ್ದಿ, ಬಣ್ಣವನ್ನೆಲ್ಲ ಪೇಪರಿಗೆ ಒರೆಸಿ, ಬರಿದಾದ ಬ್ರಷ್ಷನ್ನು ಕವಚದ ಮೇಲೆ ಸವರಬೇಕು. ಬಣ್ಣ ಉಬ್ಬಿದ ಕಡೆ ಮಾತ್ರ ಕೂರುತ್ತದೆ, ಸಂದಿನಲ್ಲಿ ಕಪ್ಪು ಉಳಿಯುತ್ತದೆ. ಬಂದೂಕಿನ ಕಬ್ಬಿಣದ ಬಣ್ಣ ಬೇಕಾದರೆ 6ಬಿ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ, ಕಪ್ಪು ಬಣ್ಣದ ಮೇಲೆ ಬೆರಳಿನಿಂದ ಉಜ್ಜಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಜವಾಗಿ ಕಾಣುವ ಲೋಹ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೇಲೆ ತೆಳ್ಳಗೆ ವಾರ್ನಿಷ್ ಹೊಡೆಯದಿದ್ದರೆ ಕೈಗೆಲ್ಲ ಅಂಟುತ್ತದೆ.

ಕೊನೆಗೆ ಕಪ್ಪು ಮತ್ತು ಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಸಂದುಗಳಿಗೆ ಹರಿಸಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ. ಗೇಟಿಗೆ ಹೊಡೆಯುವ ಎನಾಮೆಲ್ ಬೇಡ, ಫೋಮ್ ಬಾಗಿದಾಗ ಸಿಪ್ಪೆ ಏಳುತ್ತದೆ.

ಗಗನಯಾತ್ರಿ ಅಥವಾ ಉಪಗ್ರಹದ ತರಹದ ವೇಷ ಮಾಡಬೇಕು. ಆ ಚಿನ್ನದ ಬಣ್ಣದ ಹಾಳೆ ಏನು?

ಹಾಸನದವರಿಗೆ ಈ ವೇಷ ತುಂಬಾ ಹೊಂದುತ್ತದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, 1982ರಿಂದ ಅಲ್ಲಿ ಕೂತು ಸುಮಾರು 36,000 ಕಿಲೋಮೀಟರ್ ಎತ್ತರದ ನಮ್ಮ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ನಮ್ಮೂರಿನ ಮಕ್ಕಳು ಬಾಹ್ಯಾಕಾಶದ ವೇಷ ಹಾಕಿದರೆ ಅದು ಪರದೇಶದ ಕಥೆ ಅಲ್ಲ.

ಉಪಗ್ರಹಕ್ಕೆ ಸುತ್ತಿರುವುದು ಬಂಗಾರದ ತಗಡಲ್ಲ. ಪಾಲಿಇಮೈಡ್ ಅನ್ನುವ ಜೇನು ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ಅಲ್ಯೂಮಿನಿಯಂ ಲೇಪ. ಜೇನು ಬಣ್ಣದ ಮೂಲಕ ಅಲ್ಯೂಮಿನಿಯಂ ಹೊಳೆದಾಗ ಚಿನ್ನದಂತೆ ಕಾಣುತ್ತದೆ. ಇಂಥ ಹಲವು ಪದರಗಳನ್ನು ಸೇರಿಸಿ ಹೊದಿಸುತ್ತಾರೆ, ಬಿಸಿಲಿನ ಕಾವು ಒಳಗೆ ಹೋಗದಂತೆ, ಒಳಗಿನ ಬಿಸಿ ಹೊರಗೆ ಸೋರದಂತೆ. ನಮಗೆ ಹೂಗುಚ್ಛಕ್ಕೆ, ಉಡುಗೊರೆಗೆ ಸುತ್ತುವ ಚಿನ್ನದ ಬಣ್ಣದ ಹಾಳೆ ಸಾಕು. ಮೊದಲು ಮುದ್ದೆ ಮಾಡಿ ಬಿಡಿಸಿ, ಆಮೇಲೆ ಅಂಟಿಸಿ. ಸುಕ್ಕಿದ್ದರೇ ನಿಜ ಅನ್ನಿಸುವುದು. ಚಿಪ್ಸ್ ಪ್ಯಾಕೆಟ್‌ಗಳ ಒಳಮುಖ ಬೆಳ್ಳಿಯಂತಿರುತ್ತದೆ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಬೆಳ್ಳಿ ಭಾಗಕ್ಕೆ ಬಳಸಿ.

ಗಗನಯಾತ್ರಿಗಳ ಹೆಲ್ಮೆಟ್ಟಿನ ಮುಖಗಾಜಿಗೆ ಮಾತ್ರ ನಿಜವಾಗಿಯೂ ತೆಳುವಾದ ಚಿನ್ನದ ಲೇಪ ಇರುತ್ತದೆ. ನಾವು ಕಟ್ಟಡದ ಕಿಟಕಿ ಗಾಜಿಗೆ ಹಾಕುವ ಕನ್ನಡಿ ತರಹದ ಫಿಲ್ಮ್ ತುಂಡು ಕೇಳಿ ತಂದು ಒಎಚ್‌ಪಿ ಹಾಳೆ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಟಿಸಬಹುದು. ಒಳಗಿನಿಂದ ಕಾಣಬೇಕು, ಹೊರಗಿನಿಂದ ಮುಖ ಕಾಣಬಾರದು. ಮಬ್ಬು ಬೆಳಕಲ್ಲಿ ಒಳಗಿನಿಂದಲೂ ಏನೂ ಕಾಣುವುದಿಲ್ಲ, ವೇದಿಕೆ ಹತ್ತುವಾಗ ಯಾರಾದರೂ ಕೈ ಹಿಡಿದಿರಲಿ.

ಸಿನಿಮಾದಲ್ಲಿ ಬಂದದ್ದನ್ನೇ ಮಾಡಬೇಕಾ? ನಮ್ಮದೇ ವಿನ್ಯಾಸ ಮಾಡಿದರೆ ಜನ ಗುರುತಿಸ್ತಾರಾ?

ನಮ್ಮದೇ ಮಾಡಿ. ನಾವಿರುವುದು ಬೇಲೂರು, ಹಳೇಬೀಡಿನ ಪಕ್ಕದಲ್ಲಿ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿನ ದ್ವಾರಪಾಲಕರ ಮುಂದೆ ಒಂದು ಬೆಳಗ್ಗೆ ನೋಟ್‌ಬುಕ್ ಹಿಡಿದು ಕೂತು ನೋಡಿ. ಕಿರೀಟ, ಭುಜಕೀರ್ತಿ, ತೋಳಬಂದಿ, ಸೊಂಟದ ಡಾಬು, ಕಾಲಿನ ಕಡಗ. ಇದಕ್ಕಿಂತ ಪೂರ್ತಿಯಾದ ಕವಚದ ಚಿತ್ರ ಯಾವ ಕಲಾವಿದ ಕೊಡುತ್ತಾನೆ?

ಅಲ್ಲಿಂದ ಮೂರು ವಿಷಯ ಕಲಿಯಬಹುದು. ಮೊದಲನೆಯದು ನೆರಳು. ಆ ಶಿಲ್ಪಿಗಳು ಬಳಪದ ಕಲ್ಲನ್ನು ಆಭರಣದ ಹಿಂದಿನಿಂದಲೂ ಕೊರೆದಿದ್ದಾರೆ. ಸರ ಎದೆಗೆ ಅಂಟಿಕೊಂಡಿಲ್ಲ, ತೂಗುತ್ತದೆ. ಹಿಂದೆ ಕತ್ತಲು ಇರುವುದರಿಂದ ಮುಂದಿನದು ಎದ್ದು ಬರುತ್ತದೆ. ಫೋಮ್‌ನಲ್ಲೂ ಹಾಗೇ ಮಾಡಿ. ಪೆನ್ನಲ್ಲಿ ಗೆರೆ ಬರೆಯುವ ಬದಲು 2 ಮಿಲಿಮೀಟರ್ ಹಾಳೆಯ ಪಟ್ಟಿಗಳನ್ನು ಒಂದರ ಮೇಲೊಂದು ಮೆಟ್ಟಿಲಾಗಿ ಅಂಟಿಸಿ, ಕೆಲವು ಕಡೆ ಅಂಚು ಗಾಳಿಯಲ್ಲಿ ನಿಲ್ಲುವಂತೆ ಬಿಡಿ.

ಎರಡನೆಯದು ಸಾಲುಗಳು. ಹಳೇಬೀಡಿನ ಗೋಡೆಯ ಕೆಳಭಾಗದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಪಟ್ಟಿ ಪಟ್ಟಿಯಾಗಿ ಏರುತ್ತದೆ. ಮುಂಗೈ ಕವಚವನ್ನು ಇದೇ ರೀತಿ ಪಟ್ಟಿಗಳಾಗಿ ಭಾಗ ಮಾಡಿ. ಒಂದರಲ್ಲಿ ಬಳ್ಳಿ, ಇನ್ನೊಂದರಲ್ಲಿ ಸರ್ಕ್ಯೂಟ್ ಗೆರೆ, ಮತ್ತೊಂದರಲ್ಲಿ ಮುತ್ತಿನ ಸಾಲು. ಮುತ್ತುಗಳಿಗೆ ಉಬ್ಬುವ ಫ್ಯಾಬ್ರಿಕ್ ಬಣ್ಣದ ಟ್ಯೂಬಿನಿಂದ ಚುಕ್ಕೆ ಇಟ್ಟರೆ ಆಯಿತು.

ಮೂರನೆಯದು ನಕ್ಷತ್ರ. ಹೊಯ್ಸಳ ಗುಡಿಗಳ ನಕ್ಷತ್ರಾಕಾರದ ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ, ಲೆಕ್ಕ ಸರಳ. ಒಂದು ಚೌಕವನ್ನು ಅದರ ಮಧ್ಯಬಿಂದುವಿನ ಸುತ್ತ ತಿರುಗಿಸಿ ತಿರುಗಿಸಿ ಬರೆಯುವುದು. ರಟ್ಟಿನಲ್ಲಿ ಚೌಕ ಕತ್ತರಿಸಿ, ನಡುವೆ ಗುಂಡುಪಿನ್ ಚುಚ್ಚಿ, 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಬರೆಯಿರಿ. ಹೊರಗಿನ ಗೆರೆ 16 ಮೂಲೆಯ ನಕ್ಷತ್ರವಾಗುತ್ತದೆ. ಅದನ್ನು ಎದೆಯ ನಡುವೆ ಇಟ್ಟು ಹಿಂದಿನಿಂದ ನೀಲಿ ಬೆಳಕು ಕೊಡಿ. ಎಂಟು ನೂರು ವರ್ಷ ಹಿಂದಿನದೋ ಎಂಟು ನೂರು ವರ್ಷ ಮುಂದಿನದೋ ಹೇಳಲಾಗದ ಒಂದು ವಸ್ತು ಸಿಗುತ್ತದೆ. ಹಾಸನದ ಜನ ಖಂಡಿತ ಗುರುತಿಸುತ್ತಾರೆ. ಬೆಂಗಳೂರಿನಲ್ಲಿ ಗುರುತಿಸದಿದ್ದರೆ ಬಂದು ಕೇಳುತ್ತಾರೆ, ಅದೂ ಒಳ್ಳೆಯದೇ ಅಲ್ವಾ?

ಲೈಟ್ ಹಾಕುವುದು ಕಷ್ಟವಾ?

ಕಷ್ಟ ಇಲ್ಲ. ಬಿಳಿ ಅಥವಾ ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಸಿಆರ್ 2032 ಬಿಲ್ಲೆ ಬ್ಯಾಟರಿಯ ಎರಡು ಬದಿಗೆ ಎಲ್‌ಇಡಿಯ ಎರಡು ಕಾಲು ತಾಗಿಸಿ ಟೇಪ್ ಸುತ್ತಿದರೆ ಉರಿಯುತ್ತದೆ. ಉದ್ದನೆಯ ಕಾಲು ಪ್ಲಸ್ ಕಡೆ. 9 ವೋಲ್ಟ್ ಬ್ಯಾಟರಿಗೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ನಡುವೆ ಬಿಳಿ, ನೀಲಿಗೆ 330 ಓಮ್, ಕೆಂಪಿಗೆ 390 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಗ್ಗಿಸುವ ಸಣ್ಣ ಬಿಡಿಭಾಗ) ಹಾಕಿ.

ಜಾಸ್ತಿ ಬೆಳಕು ಬೇಕಾದರೆ 5 ವೋಲ್ಟ್‌ನ ಯುಎಸ್‌ಬಿ ಎಲ್‌ಇಡಿ ಪಟ್ಟಿ ತಂದು ಮೊಬೈಲ್ ಪವರ್ ಬ್ಯಾಂಕಿಗೆ ಸಿಕ್ಕಿಸಿ. ಒಂದೆರಡು ಎಲ್‌ಇಡಿ ಮಾತ್ರ ಹಾಕಿದರೆ ಕೆಲವು ಪವರ್ ಬ್ಯಾಂಕುಗಳು ಯಾರೂ ವಿದ್ಯುತ್ ಎಳೆಯುತ್ತಿಲ್ಲ ಅಂದುಕೊಂಡು ಆಫ್ ಆಗಿಬಿಡುತ್ತವೆ. ಬೆಳಕಿನ ಮುಂದೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕತ್ತರಿಸಿ ಇಡಿ, ಚುಕ್ಕೆ ಚುಕ್ಕೆಯಾಗಿ ಕಾಣದೆ ಹರಡುತ್ತದೆ. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಲಿಥಿಯಂ ಸೆಲ್ ಮೈಗೆ ಕಟ್ಟಿಕೊಳ್ಳಬೇಡಿ.

ಹೆಲ್ಮೆಟ್‌ಗೆ ಹಳೇ ಬೈಕ್ ಹೆಲ್ಮೆಟ್ ಬಳಸಬಹುದಾ?

ಬಳಸಬಹುದು, ಒಳ್ಳೆಯ ಅಡಿಪಾಯ. ಆದರೆ ಒಂದು ಸಲ ಅಂಟು, ಸ್ಪ್ರೇ ಪೇಂಟ್ ಬಿದ್ದ ಹೆಲ್ಮೆಟ್ ಮತ್ತೆ ಬೈಕಿಗೆ ಬೇಡ. ದ್ರಾವಕ ಅದರ ಚಿಪ್ಪನ್ನು ದುರ್ಬಲ ಮಾಡುತ್ತದೆ. ಫೋಮ್ ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸುವುದಂತೂ ಯೋಚನೆಯನ್ನೂ ಮಾಡಬೇಡಿ. ಬೈಕಿಗೆ ಐಎಸ್‌ಐ ಗುರುತಿನ, ಐಎಸ್ 4151 ಪ್ರಕಾರದ ಹೆಲ್ಮೆಟ್ಟೇ ಬೇಕು.

ಬಾಯಿಯ ಹತ್ತಿರ, ಹಿಂದಲೆಯ ಹತ್ತಿರ ಗಾಳಿಗೆ ತೂತು ಬಿಡಿ, ಕಪ್ಪು ಸೊಳ್ಳೆಪರದೆ ಬಟ್ಟೆಯಿಂದ ಮುಚ್ಚಿ. ಮುಖಗಾಜಿನ ಒಳಗೆ ಪಾತ್ರೆ ತೊಳೆಯುವ ಸೋಪನ್ನು ಒಂದು ಹನಿ ಸವರಿ ಒರೆಸಿದರೆ ಉಸಿರಿನ ಮಂಜು ಕಡಿಮೆಯಾಗುತ್ತದೆ.

ಕವಚ ಮೈಮೇಲೆ ನಿಲ್ಲಲ್ಲ, ಜಾರುತ್ತೆ.

ಯಕ್ಷಗಾನದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ವೇಷ ಕಟ್ಟುವುದನ್ನು ನೋಡಿ. ಹಗುರ ಮರದ ಭುಜಕೀರ್ತಿ, ಎದೆಪದಕಗಳನ್ನು ಲಾಡಿಗಳಿಂದ ಕಟ್ಟಿ, ರಾತ್ರಿಯಿಡೀ ಕುಣಿದರೂ ಜಾರದಂತೆ ನಿಲ್ಲಿಸುತ್ತಾರೆ. ಅವರ ಕ್ರಮ ನಮಗೂ ಸರಿ. ಭಾರ ಹೆಗಲ ಮೇಲೆ ಮತ್ತು ಸೊಂಟದ ಮೇಲೆ ಕೂರಬೇಕು, ಕುತ್ತಿಗೆಯ ಮೇಲೆ ಅಲ್ಲ. ಭುಜದ ಕವಚವನ್ನು ಎದೆಕವಚಕ್ಕೆ ಅಂಟಿಸಬೇಡಿ. ಅಗಲ ಇಲಾಸ್ಟಿಕ್‌ನಿಂದ ತೂಗುಹಾಕಿ, ಕೆಳಗೆ ತೋಳಿಗೆ ಇನ್ನೊಂದು ಪಟ್ಟಿ ಕೊಡಿ. ಕೈ ಎತ್ತಿದಾಗ ಅದು ತಾನಾಗಿ ಏರಿ ಇಳಿಯುತ್ತದೆ.

ಸ್ಕೂಲ್ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಪಟ್ಟಿ, ಬಕಲ್ ಎರಡೂ ಸಿಗುತ್ತವೆ. ಪಟ್ಟಿಯ ತುದಿಯನ್ನು ಫೋಮಿಗೆ ನೇರವಾಗಿ ಅಂಟಿಸಿದರೆ ಒಂದು ದಿನ ಕಿತ್ತು ಬರುತ್ತದೆ. ಅಂಗೈ ಅಗಲದ ಫೋಮ್ ತುಂಡಿನಲ್ಲಿ ಸೀಳು ಮಾಡಿ, ಪಟ್ಟಿಯನ್ನು ಅದರೊಳಗೆ ತೂರಿಸಿ, ಆ ತುಂಡನ್ನು ಒಳಗಡೆ ಅಂಟಿಸಿ. ಎಳೆತ ಇಡೀ ತುಂಡಿನ ಮೇಲೆ ಹಂಚಿಹೋಗುತ್ತದೆ.

ಹಾಕಿಕೊಂಡರೆ ತುಂಬಾ ಸೆಖೆ ಆಗುತ್ತಾ?

ಆಗುತ್ತದೆ. ಫೋಮ್ ಗಾಳಿಯಾಡುವ ವಸ್ತು ಅಲ್ಲ. ಒಳಗೆ ಕ್ರೀಡಾಪಟುಗಳು ಹಾಕುವ ತೆಳು ಬಟ್ಟೆ ಹಾಕಿ, ಕಂಕುಳು ಮತ್ತು ಪಕ್ಕೆ ತೆರೆದಿರಲಿ. ನೀರು ಕುಡಿಯುತ್ತಿರಿ. ಒಬ್ಬರೇ ಬಿಚ್ಚಿಕೊಳ್ಳಲು ಆಗುವಂತಿರಬೇಕು, ಇದರಲ್ಲಿ ರಾಜಿ ಬೇಡ.

ಬೆಂಗಳೂರಿಗೆ ಹೇಗೆ ಒಯ್ಯೋದು? ಆಯುಧ ತಗೊಂಡು ಹೋಗಬಹುದಾ?

ಎದೆ ಮತ್ತು ಬೆನ್ನು ಬೇರೆ ಬೇರೆ ಆಗುವಂತೆ ಮಾಡಿದ್ದರೆ ಒಂದರೊಳಗೆ ಒಂದು ಕೂರುತ್ತವೆ. ಮುಂಗೈ, ಕಣಕಾಲಿನ ಕವಚದೊಳಗೆ ಬಟ್ಟೆ ತುಂಬಿ, ಇಲ್ಲದಿದ್ದರೆ ಒತ್ತಿ ಚಪ್ಪಟೆಯಾಗುತ್ತವೆ. ರೈಲು ಬಸ್ಸಿಗಿಂತ ಅನುಕೂಲ. 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗ ಇರುವುದರಿಂದ ಹಾಸನದವರಿಗೆ ದಾರಿಯೂ ಹತ್ತಿರ. ಕಾಫಿ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಡುವ ಬದಲು ರಟ್ಟಿನ ಡಬ್ಬದಲ್ಲಿ ಇಡಿ.

ಆಟಿಕೆ ಬಂದೂಕು ನಿಜದಂತೆ ಕಂಡರೆ ನಿಲ್ದಾಣದಲ್ಲಿ ಜನ ಹೆದರುತ್ತಾರೆ, ಪೊಲೀಸರು ಕೇಳುತ್ತಾರೆ. ಪೂರ್ತಿ ಮುಚ್ಚಿದ ಚೀಲದಲ್ಲಿ, ತುಂಡು ತುಂಡಾಗಿ ಒಯ್ಯಿರಿ. ತುದಿಗೆ ಕಿತ್ತಳೆ ಬಣ್ಣ ಹಚ್ಚಿ. ಲೋಹದ ಕತ್ತಿ ಬೇಡವೇ ಬೇಡ, ಪಿವಿಸಿ ಪೈಪ್ ಮತ್ತು ಫೋಮ್‌ನಲ್ಲಿ ಮಾಡಿ. ಹೊರಡುವ ಮೊದಲು ಆ ಕಾರ್ಯಕ್ರಮದ ನಿಯಮ ಓದಿಕೊಳ್ಳಿ.

ಚಿಕ್ಕ ಮಕ್ಕಳಿಗೆ ಮಾಡುವುದಾದರೆ?

5 ಮಿಲಿಮೀಟರ್ ಫೋಮ್, ವೆಲ್ಕ್ರೋ ಮಾತ್ರ, ಮುಖ ತೆರೆದಿರಲಿ. ಬಿಲ್ಲೆ ಬ್ಯಾಟರಿ ಮಕ್ಕಳ ವೇಷಕ್ಕೆ ಬೇಡ, ನುಂಗಿದರೆ ಪ್ರಾಣಾಪಾಯ. ಅಂಟು ಹಚ್ಚುವುದು, ಬ್ಲೇಡ್, ಬಿಸಿ ನಿಮ್ಮ ಕೆಲಸ. ಬಣ್ಣ ಅವರಿಗೆ ಬಿಡಿ.

ಕಾರ್ಯಕ್ರಮದ ದಿನ ಏನಾದರೂ ಕಿತ್ತುಹೋದರೆ?

ಒಂದು ಸಣ್ಣ ಡಬ್ಬ ಜೊತೆಗಿರಲಿ: ಫೆವಿಬಾಂಡ್ ಟ್ಯೂಬ್, ಫೆವಿಕ್ವಿಕ್, ಕಪ್ಪು ಇನ್ಸುಲೇಷನ್ ಟೇಪ್, ನಾಲ್ಕು ಸೇಫ್ಟಿ ಪಿನ್, ಒಂದು ಮೀಟರ್ ಇಲಾಸ್ಟಿಕ್, ಬಳಸಿದ ಬಣ್ಣ ಸ್ವಲ್ಪ, ಒಂದು ಬ್ರಷ್. ಫೆವಿಕ್ವಿಕ್ ಸರಿಯಾಗಿ ಉಪಯೋಗಕ್ಕೆ ಬರುವುದು ಇಲ್ಲೇ, ಸಂಜೆಯವರೆಗೆ ಹಿಡಿದಿಟ್ಟರೆ ಸಾಕಲ್ಲ. ಮನೆಗೆ ಬಂದ ಮೇಲೆ ಆ ಜಾಗವನ್ನು ಕೆರೆದು ರಬ್ಬರ್ ಅಂಟಿನಲ್ಲಿ ಮತ್ತೆ ಜೋಡಿಸಿ, ಒಳಗಿನ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಅಟ್ಟದ ಹೆಂಚಿನ ಕೆಳಗೆ ಇಡಬೇಡಿ, ಬೇಸಿಗೆಯಲ್ಲಿ ಅಲ್ಲಿನ ಕಾವಿಗೆ ಆಕಾರ ಕೆಡುತ್ತದೆ.